ಒಲೆ ಹಚ್ಚಬೇಡಿ, ಅವಲಕ್ಕಿ ಹಚ್ಚಿ

ಕೇಳುಗರೇ, ನಮಸ್ಕಾರ.

ಮಧ್ಯಾಹ್ನ ಹನ್ನೆರಡೂವರೆ. ಹುಬ್ಬಳ್ಳಿಯಲ್ಲಿ 38 ಡಿಗ್ರಿ ಬಿಸಿಲು. ಅಡುಗೆಮನೆಯಲ್ಲಿ ಫ್ಯಾನ್ ಹಾಕುವ ಹಾಗಿಲ್ಲ, ಹಾಕಿದರೆ ಗ್ಯಾಸಿನ ಉರಿ ನಿಲ್ಲುವುದಿಲ್ಲ. ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ಸೆರಗು ತೊಯ್ದು ಹೋಗಿರುತ್ತದೆ. ಅಷ್ಟೆಲ್ಲ ಬೆವರು ಸುರಿಸಿ ಬಡಿಸಿದರೆ ಮನೆಯವರು ಏನಂತಾರೆ? "ಹಸಿವೇ ಇಲ್ಲ, ಒಂದಿಷ್ಟು ಮಜ್ಜಿಗೆ ಕೊಡು." ಸಿಟ್ಟು ಬರುತ್ತದೆ, ಅಲ್ವಾ?

ನಮ್ಮ ಕಡೆ 'ಹಚ್ಚು' ಅನ್ನುವ ಮಾತಿಗೆ ಎರಡು ಕೆಲಸ. ಒಲೆಯನ್ನೂ ಹಚ್ಚುತ್ತೇವೆ, ಎಣ್ಣೆ, ಖಾರ ಕಲೆಸಿ ಅವಲಕ್ಕಿಯನ್ನೂ ಹಚ್ಚುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ನನ್ನ ಓಟು ಎರಡನೆಯದಕ್ಕೆ.

ಹಚ್ಚಿದ ಅವಲಕ್ಕಿ ಧಾರವಾಡ, ಗದಗದ ಕಡೆಯವರಿಗೆ ಹೊಸದಲ್ಲ. ಆದರೆ ನಾವು ಅದನ್ನು ಸಂಜೆಯ ತಿಂಡಿ ಅಂತ ಬದಿಗಿಟ್ಟಿದ್ದೇವೆ. ಸರಿಯಾಗಿ ಹಚ್ಚಿದರೆ ಅದೇ ಮಧ್ಯಾಹ್ನದ ಊಟ. ಅವಲಕ್ಕಿ ಮನೆಗೆ ಬರುವಾಗಲೇ ಬೆಂದಿರುತ್ತದೆ. ಭತ್ತ ನೆನೆಸಿ, ಹುರಿದು, ಬಿಸಿ ಇರುವಾಗಲೇ ಚಪ್ಪಟೆ ಮಾಡಿದ್ದು ಅದು. ಅದನ್ನು ಮತ್ತೆ ಒಲೆ ಮೇಲಿಟ್ಟು ನಾವೇಕೆ ಬೇಯಬೇಕು?

ಗದಗಿನಲ್ಲಿ ನಮ್ಮ ಅವ್ವ ಮಾಡುತ್ತಿದ್ದ ರೀತಿ ಹೇಳುತ್ತೇನೆ. ನಾಲ್ಕು ಜನಕ್ಕೆ ಕಾಲು ಕಿಲೋ ತೆಳು ಅವಲಕ್ಕಿ. ಅದನ್ನು ಜರಡಿ ಹಿಡಿದು, ಹಳೆಯ ಧೋತರದ ಮೇಲೆ ಹರವಿ, ಮಾಳಿಗೆಯಲ್ಲಿ ಒಂದು ತಾಸು ಬಿಸಿಲಿಗೆ ಇಡುತ್ತಿದ್ದಳು. ಕೆಳಗೆ ತಂದಾಗ ಹಿಡಿಯಲ್ಲಿ ಅದುಮಿದರೆ ಚುರ್ ಅನ್ನುತ್ತಿತ್ತು. ನಮ್ಮನ್ನು ಸುಡುವ ಬಿಸಿಲಿಗೆ ಇಷ್ಟಾದರೂ ಕೆಲಸ ಹಚ್ಚಬೇಕು ನೋಡಿ.

ಆಮೇಲೆ ದೊಡ್ಡ ಪರಾತ. ಮೊದಲು ಎಣ್ಣೆ, ನಾಲ್ಕೈದು ಚಮಚ ಹಸಿ ಶೇಂಗಾ ಎಣ್ಣೆ. ಕಾಯಿಸುವುದಿಲ್ಲ, ಒಗ್ಗರಣೆ ಇಲ್ಲ. ಅದರಲ್ಲೇ ಉಪ್ಪು, ಚಿಟಿಕೆ ಸಕ್ಕರೆ, ಖಾರದಪುಡಿ, ಎರಡು ಚಮಚ ಮೆಂತ್ಯದ ಹಿಟ್ಟು ಕಲೆಸಿಕೊಳ್ಳಬೇಕು. ಅದರ ಮೇಲೆ ಅವಲಕ್ಕಿ ಸುರಿದು ಎರಡೂ ಕೈಯಿಂದ ಹಗುರವಾಗಿ ಹಚ್ಚಬೇಕು. ಹಿಚುಕಬಾರದು. ಕೆಳಗಿನದು ಮೇಲೆ, ಮೇಲಿನದು ಕೆಳಗೆ, ಬಿಳಿ ಬಣ್ಣ ಹೋಗಿ ಎಲ್ಲ ಕಡೆ ಕೇಸರಿ ಹತ್ತುವ ತನಕ. ಕೊನೆಗೆ ಹುರಿದ ಶೇಂಗಾ, ಪುಟಾಣಿ ಅಂದರೆ ಹುರಿಗಡಲೆ, ಹಸಿ ಕೊಬ್ಬರಿ ತುರಿ, ಕೊತ್ತಂಬರಿ.

ಉಳ್ಳಾಗಡ್ಡಿ ಎಲ್ಲಿ ಅಂತೀರಾ? ನಾನೂ ಹುಡುಗಿಯಾಗಿದ್ದಾಗ ಅವಸರ ಮಾಡಿ ಮೊದಲೇ ಹಾಕಿದ್ದೆ, ಸೌತೆಕಾಯಿ ಜೊತೆಗೆ. ಹತ್ತು ನಿಮಿಷದಲ್ಲಿ ಪರಾತದ ತುಂಬ ಮೆತ್ತನೆಯ ಮುದ್ದೆ. ಅವ್ವ ಬೈಯಲಿಲ್ಲ, "ಎಲ್ಲಾರೂ ತಾಟಿನ ಮುಂದ ಕೂತ ಮ್ಯಾಲ ಉಳ್ಳಾಗಡ್ಡಿ ಹಾಕಬೇಕವಾ" ಅಂದಳು. ಉಪ್ಪು ತಾಗಿದ ಕೂಡಲೇ ಉಳ್ಳಾಗಡ್ಡಿ, ಸೌತೆಕಾಯಿ ಎರಡೂ ನೀರು ಬಿಡುತ್ತವೆ. ಎಣ್ಣೆ ಮೊದಲು ಹಚ್ಚಿದ್ದರೆ ಅವಲಕ್ಕಿ ಆ ನೀರನ್ನು ಬೇಗ ಕುಡಿಯುವುದಿಲ್ಲ. ಮಾವಿನಕಾಯಿ ತುರಿ ಹಾಕುವವರಿಗೂ ಇದೇ ಮಾತು. ಅವಲಕ್ಕಿ ಇಲ್ಲದಿದ್ದರೆ ಚುರುಮುರಿಯನ್ನೂ ಹೀಗೇ ಹಚ್ಚಬಹುದು.

ಈಗ ನೀವು ಕೇಳಬಹುದು, ಶೇಂಗಾ ಹುರಿಯಲಿಕ್ಕೆ, ಮೆಂತ್ಯದ ಹಿಟ್ಟಿಗೆ ಒಲೆ ಬೇಡವೇ ಅಂತ. ಬೇಕು. ಕಡಲೆಬೇಳೆ, ಉದ್ದಿನಬೇಳೆ, ಅಕ್ಕಿ, ಗೋಧಿ, ಒಂದಿಷ್ಟು ಮೆಂತ್ಯ, ಜೀರಿಗೆ ಎಲ್ಲ ಹುರಿದೇ ಬೀಸಬೇಕು. ಆದರೆ ಅದನ್ನು ಮೇ ತಿಂಗಳ ಮಧ್ಯಾಹ್ನ ಮಾಡಿ ಅಂತ ಯಾರು ಹೇಳಿದರು? ನಮ್ಮ ಹಿರಿಯರು ಬೇಸಿಗೆಯ ಅಡುಗೆಯನ್ನು ಚಳಿಗಾಲದಲ್ಲೇ ಮಾಡಿ ಇಡುತ್ತಿದ್ದರು. ಹಿಂಡಿ ಅಂದರೆ ನಮ್ಮ ಕಡೆಯ ಚಟ್ನಿಪುಡಿ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಎಲ್ಲ ಡಬ್ಬಿಯಲ್ಲಿ. ಹಸಿ ಕೆಂಪು ಮೆಣಸಿನಕಾಯಿ ಬಂದಾಗ ಉಪ್ಪು, ಬೆಳ್ಳುಳ್ಳಿ, ನಿಂಬೆರಸ ಹಾಕಿ ರುಬ್ಬಿದ ಕೆಂಪು ಖಾರ ಭರಣಿಯಲ್ಲಿ. ಅದಕ್ಕೆ ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯೇ ಆಗಬೇಕು ಅಂತ ನನ್ನ ಹಟ. 2011ರಲ್ಲಿ ಜಿಐ ಟ್ಯಾಗ್, ಅಂದರೆ ಈ ಸೀಮೆಯದೇ ಬೆಳೆ ಅನ್ನುವ ಸರಕಾರಿ ಗುರುತು ಸಿಕ್ಕಿದ್ದು ಈಚಿನ ಮಾತು. ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುವುದು ಪ್ರತಿ ಮನೆಯ ಅಜ್ಜಿಗೂ ಗೊತ್ತಿತ್ತು. ಈ ವರ್ಷ ಡಬ್ಬಿ ಖಾಲಿ ಇದ್ದರೆ ಚಿಂತೆ ಬೇಡ. ಬೆಳಿಗ್ಗೆ ಆರಕ್ಕೆ ಅರ್ಧ ತಾಸು ಕೊಡಿ, ಒಂದು ತಿಂಗಳಿಗೆ ಆಗುವಷ್ಟು ಹಿಂಡಿ ಆಗುತ್ತದೆ.

ಹಿಂಡಿ ಇದ್ದರೆ ಖಡಕ್ ರೊಟ್ಟಿಗೆ ಬೆಲೆ. ಎರಡು ರೊಟ್ಟಿ ಮುರಿದು ಬಟ್ಟಲಿಗೆ ಹಾಕಿ, ಮೇಲೆ ಗಟ್ಟಿ ಮೊಸರು, ಒಂದು ಚಮಚ ಗುರೆಳ್ಳು ಹಿಂಡಿ, ಹೆಚ್ಚಿದ ಉಳ್ಳಾಗಡ್ಡಿ. ಹತ್ತು ನಿಮಿಷ ಸುಮ್ನೆ ಬಿಡಿ. ರೊಟ್ಟಿ ಅರ್ಧ ಮೆತ್ತಗೆ, ಅರ್ಧ ಗರಿಗರಿ ಇರುವಾಗ ತಿನ್ನಬೇಕು. ಮೊಸರು ಎಮ್ಮೆಯದಾದರೆ ಇನ್ನೂ ಚಲೋ. ನಮ್ಮ ಧಾರವಾಡಿ ಎಮ್ಮೆ 2021ರಲ್ಲಿ ಬೇರೆಯೇ ತಳಿ ಅಂತ ದಾಖಲಾಯಿತು. ಆ ಹಾಲಿನ ಹೆಸರು ಹೇಳಿದರೆ ಎಲ್ಲರೂ ಪೇಢೆ ಅಂತಾರೆ. ಬೇಸಿಗೆಯಲ್ಲಿ ನನಗೆ ಪೇಢೆ ಬೇಡ, ಮೊಸರು ಸಾಕು.

ಮೊಸರಿನ ವಿಷಯದಲ್ಲಿ ನನ್ನದೊಂದು ಫಜೀತಿ ಕೇಳಿ. ನೌಕರಿಯ ಮೊದಲ ವರ್ಷ, ಗದಗಿನಿಂದ ಹುಬ್ಬಳ್ಳಿಗೆ ದಿನಾ ಬಸ್ಸು. ಒಂದು ದಿನ ಬೆಳಿಗ್ಗೆ ಏಳಕ್ಕೆ ಹಿಂದಿನ ದಿನದ ಮೊಸರಲ್ಲಿ ಅವಲಕ್ಕಿ ಕಲೆಸಿ ಡಬ್ಬಿಗೆ ತುಂಬಿದೆ. ಒಂದು ಗಂಟೆಗೆ ಮುಚ್ಚಳ ತೆಗೆದರೆ ಹುಳಿ ವಾಸನೆ, ಪಕ್ಕದ ಟೇಬಲ್ಲಿನವರು ಕಿಟಕಿ ತೆರೆದರು! ಆಮೇಲೆ ಕಲಿತದ್ದು: ದಪ್ಪ ಅವಲಕ್ಕಿ ತೊಳೆದು, ಕಾಸಿ ಆರಿಸಿದ ಹಾಲಲ್ಲಿ ಕಲೆಸಿ, ಒಂದೇ ಚಮಚ ಮೊಸರು ಹಾಕಬೇಕು. ಊಟದ ಹೊತ್ತಿಗೆ ಡಬ್ಬಿಯೊಳಗೇ ಸಿಹಿ ಮೊಸರು ಹೆಪ್ಪುಗಟ್ಟಿರುತ್ತದೆ.

ಕೋಸಂಬರಿ ನಿಮಗೆಲ್ಲ ಗೊತ್ತಿದ್ದದ್ದೇ. ಹೆಸರುಬೇಳೆ ಒಂದು ತಾಸು ನೆನೆದರೆ ಸಾಕು. ರಾಮನವಮಿಗೆ ಮಾತ್ರ ಅಂತ ಏನಿಲ್ಲ. ಆಪೂಸ್ ಬಂದ ಮೇಲೆ ಸೀಕರಣೆ, ಅದಕ್ಕೆ ನಾನು ಹೇಳಿಕೊಡುವುದು ಏನೂ ಇಲ್ಲ. ಆದರೆ ಬರೀ ಹಣ್ಣು, ಬರೀ ಅವಲಕ್ಕಿ ತಿಂದರೆ ಮೂರು ಗಂಟೆಗೇ ಹಸಿವಾಗುತ್ತದೆ. ಅದಕ್ಕೇ ಶೇಂಗಾ ಬಿಡಬೇಡಿ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಹೊಟ್ಟೆ ನಿಲ್ಲುವುದು ಅದರಿಂದ.

ಇನ್ನೊಂದು ಲಾಭ, ಪಾತ್ರೆ. ನಮ್ಮ ಓಣಿಯಲ್ಲಿ ನಳ ಬರುವುದೇ ವಾರಕ್ಕೊಮ್ಮೆ. ಕುಕ್ಕರು, ಬಾಣಲೆ, ಎರಡು ಪಾತ್ರೆ ತಿಕ್ಕುವ ನೀರು ಎಷ್ಟು ಲೆಕ್ಕ ಹಾಕಿ. ಹಚ್ಚಿದ ಅವಲಕ್ಕಿಗೆ ಒಂದು ಪರಾತ, ನಾಲ್ಕು ತಾಟು, ಮುಗಿಯಿತು. ಉಳಿದ ನೀರನ್ನು ತರಕಾರಿ ತೊಳೆಯಲು ಬಳಸಿ, ಅಲ್ಲಿ ಮಾತ್ರ ಜಿಪುಣತನ ಬೇಡ. ಹಸಿಯಾಗಿ ತಿನ್ನುವ ಸೊಪ್ಪು, ಸೌತೆಕಾಯಿ ಕುಡಿಯುವ ನೀರಿನಲ್ಲೇ ತೊಳೆಯಬೇಕು, ತಿನ್ನುವ ಹೊತ್ತಿಗೇ ಹೆಚ್ಚಬೇಕು. ರಾತ್ರಿ ಹೊರಗೇ ಉಳಿದ ಅನ್ನವನ್ನು ಮರುದಿನ ಮೊಸರು ಹಾಕಿ ತಿನ್ನುವ ಧೈರ್ಯ ಮಾಡಬೇಡಿ. ಈ ಸೆಕೆಗೆ ಅದು ಕೆಟ್ಟಿರುತ್ತದೆ, ವಾಸನೆಯಿಂದ ಗೊತ್ತಾಗುವುದಿಲ್ಲ.

ಒಂದು ವಿಷಯ ಮಾತ್ರ ನನಗೆ ಚುಚ್ಚುತ್ತದೆ. ಖಡಕ್ ರೊಟ್ಟಿಯನ್ನು ನಾನು ಈಗ ಮನೆಯಲ್ಲಿ ಬಡಿಯುವುದಿಲ್ಲ, ಓಣಿಯ ತುದಿಯ ರೊಟ್ಟಿ ಕೇಂದ್ರದಿಂದ ತರುತ್ತೇನೆ. ನಮ್ಮ ಮನೆಯ ಒಲೆ ಆರಿತು ಅಂದರೆ ಅಲ್ಲಿ ಇನ್ನೊಬ್ಬರ ಮುಂದೆ ಹಂಚು ಕಾದಿರುತ್ತದೆ. ಅಲ್ಲಿಯ ಅಕ್ಕ ಬೆಳಗಿನ ನಾಲ್ಕೂವರೆಗೇ ಕೂತು, ಹತ್ತು ಗಂಟೆಯೊಳಗೆ ಮುಗಿಸುತ್ತಾರೆ. ಹೋದ ವಾರ ರೊಟ್ಟಿ ಕಟ್ಟಿಸಿಕೊಳ್ಳುವಾಗ ಕೇಳಿದೆ, "ಅಕ್ಕಾರ, ಮಧ್ಯಾಹ್ನ ನೀವೇನು ಉಣ್ತೀರಿ?"

ಅವರು ಕೈಯ ಹಿಟ್ಟು ಝಾಡಿಸುತ್ತಾ ನಕ್ಕರು. "ರೊಟ್ಟಿ ಮಾರಿ ನೋಡಿದ್ರ ಬ್ಯಾಸರ ಬರ್ತದ್ರಿ. ನಾಕು ಹಿಡಿ ಚುರುಮುರಿ ಹಚ್ಕೋತೀನ್ರಿ."

ನಮಸ್ಕಾರ.