ಆಕ್ಟಿವ್ ಪಿಕಪ್ ಯಾವ್ದು ಹಾಕ್ಸೋದು? ಇಎಂಜಿ 81, 85, 60 ಮತ್ತೆ ಫಿಶ್‌ಮನ್ ಫ್ಲೂಯೆನ್ಸ್

[ಕ್ಯಾಮೆರಾ ಮುಂದೆ, ಕೈಯಲ್ಲಿ ಗಿಟಾರ್]

ಎಲ್ರಿಗೂ ನಮಸ್ಕಾರ. 2011ರಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲಿ ಮೆಟಾಲಿಕಾ ಶೋ ಆಯ್ತಲ್ಲ, ಆ ಬ್ಯಾಂಡ್‌ನ ಗಿಟಾರಿಸ್ಟ್ ಹೆಟ್‌ಫೀಲ್ಡ್ ಹೆಸ್ರು ಕೇಳಿದ್ರೆ ಪಿಕಪ್ (ಗಿಟಾರ್ ತಂತಿ ಅಲುಗಾಟಾನ ಸಿಗ್ನಲ್ ಮಾಡೋ ಭಾಗ) ಹುಚ್ಚಿರೋರಿಗೆ ಮೊದ್ಲು ನೆನಪಾಗೋದು ಬ್ಯಾಟ್ರಿ ಮೇಲೆ ಓಡೋ ಆಕ್ಟಿವ್ ಪಿಕಪ್‌ಗೆ ಹೆಸ್ರಾದ ಇಎಂಜಿ ಕಂಪನಿ. ಹಂಗಾಗಿ ಆಕ್ಟಿವ್ ಅಂದ್ರೆ ಬರೀ ಔಟ್‌ಪುಟ್ ಜಾಸ್ತಿ, ಮೆಟಲ್‌ಗೆ ಮಾತ್ರ ಅಂತ ಒಂದು ಮಾತು ಓಡಾಡ್ತಿದೆ. ಅದು ಅರ್ಧ ಸುಳ್ಳು.

[ಸ್ಕ್ರೀನ್ ಮೇಲೆ: ಎರಡು ಪಿಕಪ್ ಡ್ರಾಯಿಂಗ್]

ಮಾಮೂಲಿ ಪ್ಯಾಸಿವ್ ಪಿಕಪ್ಪಲ್ಲಿ ಕೂದಲೆಳೆಯಂಥ ತಂತೀನ ಸಾವಿರಾರು ಸುತ್ತು ಸುತ್ತಿರ್ತಾರೆ, ಅದ್ರಿಂದ ಬರೋ ಸಿಗ್ನಲ್ ಹೈ ಇಂಪೀಡೆನ್ಸ್ (ತಡೆ ಜಾಸ್ತಿ), ಕೇಬಲ್ ಉದ್ದ ಆದಷ್ಟೂ ಟ್ರೆಬಲ್ ಸೋರಿ ಹೋಗತ್ತೆ. ಆಕ್ಟಿವ್‌ನಲ್ಲಿ ಉಲ್ಟಾ. ಸುತ್ತು ಕಮ್ಮಿ, ಹುಟ್ಟೋ ಸಿಗ್ನಲ್ ವೀಕು, ಆದ್ರೆ ಪಿಕಪ್ ಒಳಗೇ ಒಂದು ಪುಟಾಣಿ ಪ್ರೀಆಂಪ್ ಕೂತಿರತ್ತೆ, 9 ವೋಲ್ಟ್ ಬ್ಯಾಟ್ರಿಯಿಂದ ಅದನ್ನ ಎತ್ತಿ ಕೊಡತ್ತೆ. ಉದ್ದ ಕೇಬಲ್ ಹಾಕಿದ್ರೂ ಸೌಂಡ್ ಮಂಕಾಗಲ್ಲ, ಹಮ್ಮೂ (ಗುಂಯ್ ಅನ್ನೋ ಕರೆಂಟ್ ಸದ್ದು) ಕಮ್ಮಿ. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಅಂಥ ಕ್ಲೀನ್ ಟೋನ್ ಮನುಷ್ಯನೂ ಇಎಂಜಿ ಹಾಕ್ಕೊಂಡು ನುಡಿಸಿದಾರೆ, ಅಲ್ಲಿಗೆ ಮೆಟಲ್‌ಗೆ ಮಾತ್ರ ಅನ್ನೋ ವಾದ ಮುಗೀತು.

[ಕ್ಲಿಪ್: ಬ್ರಿಡ್ಜ್ ಪಿಕಪ್, ಪಾಮ್ ಮ್ಯೂಟ್ ರಿಫ್]

ಇದು ಇಎಂಜಿ 81. ಸೆರಾಮಿಕ್ ಮ್ಯಾಗ್ನೆಟ್, ಬ್ರಿಡ್ಜ್‌ಗೆ, ಅಂದ್ರೆ ಬಾಡಿ ಮೇಲೆ ತಂತಿ ಕೂರೋ ಕಡೆಗೆ. ಡಿಸ್ಟಾರ್ಷನ್ ಎಷ್ಟೇ ಏರಿಸಿದ್ರೂ ಪಾಮ್ ಮ್ಯೂಟ್ (ಅಂಗೈ ಅಂಚಲ್ಲಿ ತಂತಿ ಅದುಮಿ ಹೊಡಿಯೋದು) ಕಟ್ ಕಟ್ ಅಂತ ಬೇರೆ ಬೇರೆ ಕೇಳತ್ತೆ ನೋಡಿ. 85ರಲ್ಲಿ ಆಲ್ನಿಕೋ 5 ಅನ್ನೋ ಮ್ಯಾಗ್ನೆಟ್, ಸೌಂಡು ದುಂಡಗೆ. ಮೆಟಲ್ ಗಿಟಾರಿಸ್ಟ್ ಝ್ಯಾಕ್ ವೈಲ್ಡ್ ಬ್ರಿಡ್ಜಲ್ಲಿ 81, ನೆಕ್ಕಲ್ಲಿ (ಗಿಟಾರ್ ಕತ್ತಿನ ಕಡೆ) 85 ಇಟ್ಕೊಂಡು ಈ ಜೋಡೀನ ಫೇಮಸ್ ಮಾಡ್ಬಿಟ್ರು. ಹೆಟ್‌ಫೀಲ್ಡ್ ಮಾತ್ರ ನೆಕ್‌ಗೆ 60 ಇಟ್ಟಿದ್ದು, ನನ್ ಓಟೂ ಅದಕ್ಕೇ, ಯಾಕಂದ್ರೆ 85 ಲೀಡ್‌ಗೆ ಮಜಾ ಕೊಟ್ರೂ ಕ್ಲೀನ್ ಆರ್ಪೆಜಿಯೋ (ಕಾರ್ಡ್‌ನ ಒಂದೊಂದೇ ಸ್ವರ) ನುಡಿಸುವಾಗ ಕೆಳಗಡೆ ಗಜಿಬಿಜಿ ಅನ್ಸತ್ತೆ, 60 ಬಿಡಿಬಿಡಿಯಾಗಿ ಕೇಳತ್ತೆ.

81ನ ಕ್ಲೀನ್ ಸೌಂಡ್ (ಡಿಸ್ಟಾರ್ಷನ್ ಇಲ್ದಿರೋದು) ಬಗ್ಗೆ ಕೇಳ್ಬೇಡಿ. ಮೆತ್ತಗೆ ಹೊಡೆದ್ರೂ ಜೋರಾಗಿ ಹೊಡೆದ್ರೂ ಹೆಚ್ಚುಕಮ್ಮಿ ಒಂದೇ. ಎರಡು ಬ್ಯಾಟ್ರಿ ಸೀರೀಸಲ್ಲಿ ಹಾಕಿ 18 ವೋಲ್ಟ್ ಮಾಡಿದ್ರೆ ಸ್ವಲ್ಪ ಉಸಿರಾಡತ್ತೆ, ಅಷ್ಟೇ, ಪವಾಡ ಏನಿಲ್ಲ.

[ಕ್ಲಿಪ್: ಪುಶ್-ಪುಲ್ ನಾಬ್ ಎಳೆಯೋದು]

ಫಿಶ್‌ಮನ್ ಕಂಪನಿಯ ಫ್ಲೂಯೆನ್ಸ್ ಬೇರೆ ಜಾತಿ. ಇದ್ರಲ್ಲಿ ತಂತಿ ಸುತ್ತಿರೋದೇ ಇಲ್ಲ, ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್‌ಗಳನ್ನ ಒಂದ್ರ ಮೇಲೊಂದು ಜೋಡಿಸಿ ಕಾಯಿಲ್ ಮಾಡಿರ್ತಾರೆ. ಇದರ ಮಾಡರ್ನ್ ಅನ್ನೋ ಸೆಟ್ಟಲ್ಲಿ ಒಂದು ವಾಯ್ಸ್ (ಸೌಂಡ್ ಬಗೆ) ಆಕ್ಟಿವ್ ಥರ, ನಾಬ್ ಎಳೆದ್ರೆ ಇನ್ನೊಂದು ಪ್ಯಾಸಿವ್ ಥರ. ಒಂದೇ ಗಿಟಾರ್ ಹಿಡ್ಕೊಂಡು ಎಲ್ಲಾ ನುಡಿಸೋರಿಗೆ ಇದೇ ಸರಿ. ಬ್ಯಾಟ್ರಿ ಮಾತ್ರ ಇಎಂಜಿಗಿಂತ ಬೇಗ ಕುಡಿಯತ್ತೆ. ಬರೀ ರಿದಮ್ ಹೊಡಿಯೋರು 81, 60 ಹಾಕ್ಸಿ, ಸುಮ್ನೆ ದುಡ್ಡು ಯಾಕೆ ಸುರೀತೀರಾ.

ಇನ್ನು ಫಿಟ್ಟಿಂಗು. ಹಳೇ 500ಕೆ ಪಾಟ್ (ನಾಬ್ ಕೆಳಗಿರೋ ರೆಸಿಸ್ಟರ್) ಇಟ್ಕೊಂಡೇ ಇಎಂಜಿ ಹಾಕಿದ್ರೆ ವಾಲ್ಯೂಮ್ ನಾಬ್ ಸ್ವಿಚ್ ಥರ ಆಗೋಗತ್ತೆ, ಜೊತೆಗೆ ಬರೋ 25ಕೆ ಪಾಟೇ ಹಾಕ್ಬೇಕು. ಇನ್ನೊಂದು, ಬ್ರಿಡ್ಜ್‌ಗೆ ಹೋಗೋ ಗ್ರೌಂಡ್ ವೈರ್ ಇದಕ್ಕೆ ಬೇಡ, ತೆಗೀರಿ ಅಂತ ಇಎಂಜಿನೇ ಹೇಳತ್ತೆ. ನಮ್ ಕಡೆ ಎಷ್ಟೋ ಹಳೇ ಮನೆ, ಮದ್ವೆ ಛತ್ರಗಳಲ್ಲಿ ಅರ್ಥಿಂಗ್ ನೆಟ್ಟಗಿರಲ್ಲ, ಸ್ಟ್ರಿಂಗ್ ಮೇಲೆ ಕೈ ಇಟ್ಟು ಮೈಕ್‌ಗೆ ತುಟಿ ತಾಗಿಸಿದ್ರೆ ಚುರ್ ಅನ್ನತ್ತೆ, ಆ ವೈರ್ ಇಲ್ದಿದ್ರೆ ಆ ಅಪಾಯ ಕಮ್ಮಿ. ಹಾಗಂತ ಅರ್ಥಿಂಗ್ ಸರಿಮಾಡ್ಸೋದು ಬಿಡ್ಬೇಡಿ.

ಬ್ಯಾಟ್ರಿ ಭಯ ಬೇಡ. ಒಂದು 81ಕ್ಕೆ ಕಂಪನಿ ಲೆಕ್ಕ 3000 ಗಂಟೆ, ಎರಡು ಪಿಕಪ್ ಇದ್ರೆ ಅದರ ಅರ್ಧ. ಆದ್ರೆ ಜಾಕ್‌ಗೆ ಕೇಬಲ್ ಚುಚ್ಚಿದ ಕೂಡ್ಲೇ ಆನ್ ಆಗತ್ತೆ, ಪ್ರಾಕ್ಟೀಸ್ ಮುಗಿದ್ಮೇಲೆ ಎಳೆದಿಡಿ.