ನಿಮಗೆ ಯಾವ ಹೆದರಿಕೆ ಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ಹಾರರ್ ಸಿನಿಮಾಗಳ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಕರೆದಿದ್ದಾರೆ. ಹತ್ತು ನಿಮಿಷ ಸಾಲುವುದಿಲ್ಲ ಎಂದು ಫೋನಿನಲ್ಲೇ ಹೇಳಿದ್ದೆ. ಆದರೂ ಬಂದೆ. ಯಾಕೆಂದರೆ ಒಂದು ಮಾತು ನನ್ನ ಹೊಟ್ಟೆಯಲ್ಲಿ ಬಹಳ ದಿನದಿಂದ ಕೂತಿದೆ.

ನಾನು ಸಿನಿಮಾ ಪಾಠ ಮಾಡುವವನು. ಹಾಗಾಗಿ ಎಲ್ಲಿ ಹೋದರೂ ಜನ ಕೇಳುವುದು ಒಂದೇ. ಬಸ್ಸಿನಲ್ಲಿ ಕೇಳುತ್ತಾರೆ, ಲಿಫ್ಟಿನಲ್ಲಿ ಕೇಳುತ್ತಾರೆ, ಒಮ್ಮೆ ಹಲ್ಲಿನ ಡಾಕ್ಟರು ನನ್ನ ಬಾಯಿ ತೆರೆಸಿಟ್ಟುಕೊಂಡೇ ಕೇಳಿದರು. "ಸಾರ್, ಒಂದು ಒಳ್ಳೆ ಹಾರರ್ ಸಿನಿಮಾ ಹೇಳಿ. ಸಖತ್ ಹೆದರಿಕೆ ಆಗಬೇಕು." ಚಪ್ಪಲಿ ಅಂಗಡಿಗೆ ಹೋಗಿ "ಒಂದು ದೊಡ್ಡ ಚಪ್ಪಲಿ ಕೊಡಿ" ಅಂದ ಹಾಗಾಯಿತು ಇದು. ಯಾರ ಕಾಲಿಗೆ ಸ್ವಾಮಿ?

ಎಷ್ಟು ಹೆದರಿಸುತ್ತದೆ ಎಂದು ಕೇಳಬೇಡಿ. ಯಾವ ಹೆದರಿಕೆ ಎಂದು ಕೇಳಿ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಇದನ್ನೇ ಇನ್ನೂ ನಾಲ್ಕು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಸಿನಿಮಾದಲ್ಲಿ ಹೆದರಿಕೆ ಮೂರು ಥರ. ಒಂದು, ಬೆಚ್ಚಿ ಬೀಳುವುದು. ಎರಡು, ಹೇಸಿಗೆ. ಮೂರು, ದಿಗಿಲು. ನಾಲ್ಕನೆಯದೊಂದು ಇದೆ ಎಂದು ಯಾರಾದರೂ ದಪ್ಪ ಪುಸ್ತಕ ತೋರಿಸಿದರೆ ನಂಬಬೇಡಿ.

ಬೆಚ್ಚಿ ಬೀಳುವುದು ನಿಮಗೆಲ್ಲ ಗೊತ್ತು. ಸದ್ದಿಲ್ಲ, ಸದ್ದಿಲ್ಲ, ಆಮೇಲೆ ಧಡ್! ಇದನ್ನು ಮೊದಲು ಚೆನ್ನಾಗಿ ಮಾಡಿ ತೋರಿಸಿದ್ದು 1942ರ 'ಕ್ಯಾಟ್ ಪೀಪಲ್'. ವ್ಯಾಲ್ ಲ್ಯೂಟನ್ ನಿರ್ಮಾಪಕ, ಜಾಕ್ ಟರ್ನರ್ ನಿರ್ದೇಶಕ. ಕೈಯಲ್ಲಿ ಜಾಸ್ತಿ ದುಡ್ಡಿಲ್ಲ. ಒಬ್ಬ ಹುಡುಗಿ ರಾತ್ರಿ ಪಾರ್ಕಿನ ಪಕ್ಕದ ರಸ್ತೆಯಲ್ಲಿ ನಡೆದು ಹೋಗುತ್ತಿದ್ದಾಳೆ. ಹಿಂದೆ ಇನ್ನೊಬ್ಬಳು ಬರುತ್ತಿದ್ದಾಳೆ. ಕೇಳಿಸುವುದು ಎರಡು ಜೊತೆ ಹೀಲ್ಸ್ ಸದ್ದು ಮಾತ್ರ. ಇದ್ದಕ್ಕಿದ್ದ ಹಾಗೆ ಒಂದು ಜೊತೆ ನಿಂತುಹೋಗುತ್ತದೆ. ಮುಂದಿನ ಹುಡುಗಿ ತಿರುಗಿ ನೋಡುತ್ತಾಳೆ, ಯಾರೂ ಇಲ್ಲ. ಓಡುತ್ತಾಳೆ. ಕಾಡುಪ್ರಾಣಿ ಬುಸುಗುಟ್ಟಿದ ಹಾಗೆ ಒಂದು ಸದ್ದು ಕಿವಿಗೆ ಅಪ್ಪಳಿಸುತ್ತದೆ. ನೋಡಿದರೆ ಬಸ್ಸು! ಬ್ರೇಕ್ ಹಾಕಿ ನಿಂತ ಬಸ್ಸು. ಸಿನಿಮಾ ಮಂದಿ ಇವತ್ತಿಗೂ ಈ ತಂತ್ರಕ್ಕೆ 'ಲ್ಯೂಟನ್ ಬಸ್' ಎಂದೇ ಹೇಳುತ್ತಾರೆ. ಈಗಿನ ಜಂಪ್ ಸ್ಕೇರ್‌ಗಳೆಲ್ಲ, ಅಂದರೆ ದಿಢೀರನೆ ಬೆಚ್ಚಿಸುವ ಸೀನುಗಳೆಲ್ಲ, ಆ ಬಸ್ಸಿನಿಂದ ಇಳಿದ ಪ್ಯಾಸೆಂಜರ್‌ಗಳು. ಎಷ್ಟೋ ನಿರ್ದೇಶಕರು ಹದಿನೈದು ನಿಮಿಷಕ್ಕೊಂದು ಬಸ್ ಬಿಡುತ್ತಾರೆ. ಆ ಹುಡುಗಿಯ ನಡಿಗೆಯನ್ನು ಮಾತ್ರ ಮರೆತುಬಿಡುತ್ತಾರೆ.

ಹೇಸಿಗೆ ಅಂದರೆ ರಕ್ತ, ಮಾಂಸ, ಕಿತ್ತುಬರುವ ಉಗುರು. ನನಗೆ ಇದರಲ್ಲಿ ರುಚಿ ಕಮ್ಮಿ. ಆದರೆ ಕೀಳು ಎಂದು ಮಾತ್ರ ಹೇಳಬೇಡಿ. 1979ರ 'ಏಲಿಯನ್'ನಲ್ಲಿ ಒಬ್ಬನ ಎದೆಯಿಂದ ಜೀವಿಯೊಂದು ಸೀಳಿಕೊಂಡು ಬರುತ್ತದಲ್ಲ, ಆ ಸೀನಿನಲ್ಲಿ ರಕ್ತ ಎಷ್ಟು ಚಿಮ್ಮುತ್ತದೆ ಎಂದು ಸುತ್ತ ನಿಂತ ನಟರಿಗೆ ಪೂರ್ತಿ ಹೇಳಿರಲಿಲ್ಲ. ಅವರ ಮುಖದಲ್ಲಿ ಕಾಣುವ ಗಾಬರಿಯಲ್ಲಿ ಅರ್ಧ ಅಸಲಿ.

ಇನ್ನು ದಿಗಿಲು. ಏನೂ ಆಗಿಲ್ಲ, ಆದರೆ ಏನೋ ಸರಿಯಿಲ್ಲ. ಸಿನಿಮಾ ಮುಗಿದು ಮೂರು ದಿನವಾದರೂ ಬಚ್ಚಲುಮನೆಯ ಕನ್ನಡಿ ನೋಡಲು ಮನಸ್ಸಾಗುವುದಿಲ್ಲ. ಇದಕ್ಕೆ ನನ್ನ ಭಾವನ ಕಥೆ ಹೇಳಬೇಕು. ಅವರ ಅಪ್ಪಣೆ ತೆಗೆದುಕೊಂಡಿದ್ದೇನೆ.

ನಮ್ಮ ಭಾವ ಆಪರೇಶನ್ ಮಾಡುವ ಡಾಕ್ಟರು. ಗಟ್ಟಿ ಆಳು. ಒಂದು ಭಾನುವಾರ ಅಕ್ಕನ ಮನೆಗೆ ಹೋದಾಗ ಸವಾಲು ಹಾಕಿದರು. "ಏನಯ್ಯಾ, ಇಷ್ಟು ವರ್ಷ ಅದೇ ಪಾಠ ಮಾಡ್ತೀಯಲ್ಲ, ನನ್ನನ್ನ ಹೆದರಿಸೋ ಒಂದು ಸಿನಿಮಾ ಹಾಕು ನೋಡೋಣ." ಆಗ ನನಗೂ ಬುದ್ಧಿ ಇರಲಿಲ್ಲ. ಎಷ್ಟು ಎಂದು ಯೋಚಿಸಿದೆ, ಯಾವ ಎಂದು ಯೋಚಿಸಲಿಲ್ಲ. ಟ್ಯಾಂಕರುಗಟ್ಟಲೆ ರಕ್ತ ಹರಿಸಿದ ಸಿನಿಮಾ ಒಂದನ್ನು ಹಾಕಿದೆ. ಹೆಸರು ಬೇಡ ಬಿಡಿ.

ಭಾವ ಮೂರು ಕಡೆ ಸಿನಿಮಾ ನಿಲ್ಲಿಸಿದರು. ಹೆದರಿಕೊಂಡು ಎಂದುಕೊಂಡಿರಾ? ಪಾಠ ಮಾಡುವುದಕ್ಕೆ! "ನೋಡು, ಇವನು ಕತ್ತರಿಸಿದ್ದು ಈ ಕಡೆ, ರಕ್ತ ಚಿಮ್ಮಿದ್ದು ಆ ಕಡೆ." ಮತ್ತೆ ಸ್ವಲ್ಪ ಹೊತ್ತಿಗೆ, "ಇಷ್ಟು ರಕ್ತ ಹೋದ ಮೇಲೆ ಇವನು ಮೆಟ್ಟಿಲು ಹತ್ತುತ್ತಾನಾ? ಎದ್ದು ಕೂರೋಕೂ ಆಗಲ್ಲ." ಅಕ್ಕ ಮಾತ್ರ ದಿಂಬಿನ ಹಿಂದೆ ಮುಖ ಮುಚ್ಚಿಕೊಂಡು "ಆಯ್ತಾ? ಆಯ್ತಾ?" ಎಂದು ಕೇಳುತ್ತಲೇ ಇದ್ದಳು. ಮುಗಿದ ಮೇಲೆ ಭಾವ ಮೈ ಮುರಿದು ಹೇಳಿದರು, "ಇದಾ ನಿನ್ನ ಹಾರರ್? ರಜಾ ದಿನಾನೂ ಡ್ಯೂಟಿ ಮಾಡಿದ ಹಾಗಾಯ್ತು."

ನನಗೆ ಅವಮಾನ. ಎರಡು ವಾರ ಬಿಟ್ಟು ಮತ್ತೆ ಹೋದೆ. ಈ ಸಲ 1963ರ 'ದ ಹಾಂಟಿಂಗ್'. ನಿರ್ದೇಶಕ ರಾಬರ್ಟ್ ವೈಸ್. ಇದೇ ಮನುಷ್ಯ ಎರಡು ವರ್ಷದ ನಂತರ 'ದ ಸೌಂಡ್ ಆಫ್ ಮ್ಯೂಸಿಕ್' ಮಾಡಿದ, ನಂಬುತ್ತೀರಾ? ಮೊದಮೊದಲು ಸಿನಿಮಾ ನಿರ್ದೇಶಿಸಿದ್ದು ಅದೇ ಬಸ್ಸಿನ ಲ್ಯೂಟನ್ ಕೈಕೆಳಗೆ. ಸಿನಿಮಾ ಕಪ್ಪು ಬಿಳುಪು. ಶುರುವಾಗುತ್ತಿದ್ದ ಹಾಗೇ ಭಾವ ನಕ್ಕರು. "ಇಂಟರ್ವಲ್‌ಗೆ ಎಬ್ಬಿಸು" ಎಂದರು.

ಒಂದು ಸೀನ್ ಹೇಳಿಬಿಡುತ್ತೇನೆ. ತಪ್ಪು ಅಂತ ಗೊತ್ತು. ಆದರೆ ಅರವತ್ತು ವರ್ಷದ ಹಿಂದಿನ ಸಿನಿಮಾ, ಅಷ್ಟು ಕ್ಷಮಿಸಿ. ದೊಡ್ಡ ಬಂಗಲೆ. ಒಂದೇ ಕೋಣೆಯಲ್ಲಿ ಇಬ್ಬರು ಹೆಂಗಸರು ಮಲಗಿದ್ದಾರೆ. ಕತ್ತಲು. ಗೋಡೆಯಾಚೆ ಯಾರೋ ಗೊಣಗುತ್ತಿದ್ದಾರೆ, ಮಾತು ತಿಳಿಯುವುದಿಲ್ಲ. ಒಬ್ಬಳು ಹೆದರಿ, ನನ್ನ ಕೈ ಹಿಡಿದುಕೋ ಎಂದು ಗೆಳತಿಗೆ ಹೇಳುತ್ತಾಳೆ. ಕೈ ಹಿಡಿತ ಬಿಗಿಯಾಗುತ್ತದೆ. ಇನ್ನೂ ಬಿಗಿಯಾಗುತ್ತದೆ. ನೋಯುತ್ತಿದೆ ಎನ್ನುತ್ತಾಳೆ. ಕೊನೆಗೆ ಕಿರುಚುತ್ತಾಳೆ. ದೀಪ ಹತ್ತುತ್ತದೆ. ಗೆಳತಿ ಕೋಣೆಯ ಆ ಕಡೆ, ದೂರದಲ್ಲಿ, ಆಗತಾನೆ ಏಳುತ್ತಿದ್ದಾಳೆ.

ಹಾಗಾದರೆ ಇವಳು ಹಿಡಿದುಕೊಂಡಿದ್ದು ಯಾರ ಕೈ?

ಅಷ್ಟೇ. ಇಡೀ ಸಿನಿಮಾದಲ್ಲಿ ದೆವ್ವ ಕಾಣುವುದಿಲ್ಲ. ಇನ್ನೊಂದು ಕಡೆ ಬಾಗಿಲೊಂದು ಉಸಿರಾಡುವ ಹಾಗೆ ಉಬ್ಬುತ್ತದೆ. ಮಾಡಿದ್ದು ಹೇಗೆ ಗೊತ್ತಾ? ತೆಳ್ಳಗಿನ ಮರದ ಪದರ ಅಂಟಿಸಿ ಬಾಗಿಲು ಮಾಡಿದರು. ಒಬ್ಬ ಗಟ್ಟಿಮುಟ್ಟಾದ ಕೆಲಸದವನು ಹಿಂದಿನಿಂದ ದಬ್ಬಿದ. ಮುಗೀತು.

ಈ ಕಡೆ ನಮ್ಮ ಭಾವ. ಕಾಲೆರಡೂ ಸೋಫಾದ ಮೇಲೆ ಬಂದಿದ್ದವು. ಒಂದು ಸಲವೂ ನಿಲ್ಲಿಸಲಿಲ್ಲ, ಪಾಠವೂ ಇಲ್ಲ. ಮುಗಿದ ಮೇಲೆ ಕೇಳಿದರು, "ಆ ಕೈ ಯಾರದು?"

"ಹೇಳಲ್ಲ ಭಾವ ಅವರು."

"ಯಾಕೆ ಹೇಳಲ್ಲ? ಇಷ್ಟು ಹೊತ್ತು ಕೂರಿಸಿ ಹೇಳದೇ ಬಿಡ್ತಾರಾ?" ನಿಜವಾಗಿ ಸಿಟ್ಟು ಬಂದಿತ್ತು. ಅಕ್ಕನ ಕಡೆ ನೋಡಿದರೆ ಸೋಫಾದ ಇನ್ನೊಂದು ತುದಿಯಲ್ಲಿ ಗೊರಕೆ. ದಿಂಬು ತಲೆಯ ಕೆಳಗಿತ್ತು.

ಮರುದಿನ ಬೆಳಿಗ್ಗೆ ಭಾವನ ಫೋನ್. ರಾತ್ರಿಯೆಲ್ಲ ಕೈ ಹೊದಿಕೆಯಿಂದ ಹೊರಗೆ ಇಡಲಿಲ್ಲವಂತೆ. ಆಮೇಲೆ ಅವರು ಹೇಳಿದ್ದನ್ನು ನಾನು ಎಲ್ಲ ಕ್ಲಾಸಿನಲ್ಲೂ ಹೇಳುತ್ತೇನೆ. "ನೋಡು, ರಕ್ತ ನನಗೆ ಲೆಕ್ಕಕ್ಕಿಲ್ಲ. ಎಲ್ಲಿಂದ ಬರ್ತಿದೆ ಅಂತ ಗೊತ್ತು, ಹೇಗೆ ನಿಲ್ಲಿಸಬೇಕು ಅಂತ ಗೊತ್ತು. ಕಾರಣ ಸಿಗದ ಕೇಸ್ ಇರುತ್ತಲ್ಲ, ಅದೊಂದೇ ನನ್ನ ನಿದ್ದೆ ಕೆಡಿಸೋದು. ನೀನು ಹಾಕಿದ್ದು ಅದೇ."

ಕೇಳಿಸಿಕೊಂಡಿರಾ? ಒಂದೇ ಮನೆ, ಒಂದೇ ಸೋಫಾ, ಅವೇ ಎರಡು ಸಿನಿಮಾ. ಅಕ್ಕನಿಗೆ ಹೇಸಿಗೆಯ ಹೆದರಿಕೆ, ಭಾವನಿಗೆ ದಿಗಿಲಿನ ಹೆದರಿಕೆ. ಇಬ್ಬರಲ್ಲಿ ಧೈರ್ಯವಂತರು ಯಾರು ಎಂದು ಕೇಳಿದರೆ ನಾನೇನು ಹೇಳಲಿ? ಹಾರರ್ ಅಭಿಮಾನಿಗಳು ಸೇರಿದ ಕಡೆಯೆಲ್ಲ ಇದೇ ಜಗಳ. 1999ರ 'ದ ಬ್ಲೇರ್ ವಿಚ್ ಪ್ರಾಜೆಕ್ಟ್' ತೆಗೆದುಕೊಳ್ಳಿ. ಮೂವರು ಕಾಡಿನಲ್ಲಿ ದಾರಿ ತಪ್ಪುತ್ತಾರೆ, ಕ್ಯಾಮೆರಾ ನಟರ ಕೈಯಲ್ಲೇ ಇದೆ, ಮಾಟಗಾತಿ ಕಾಣುವುದೇ ಇಲ್ಲ. ಒಬ್ಬರು "ಇಂಥದ್ದು ಇನ್ನೊಂದಿಲ್ಲ" ಎನ್ನುತ್ತಾರೆ. ಪಕ್ಕದವರು "ಅದರಲ್ಲಿ ಏನಿದೆ ಮಣ್ಣು, ಬರೀ ಕಡ್ಡಿ ಕಲ್ಲು" ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಎರಡನೆಯವರು ಬೆಚ್ಚಿ ಬೀಳಲು ಬಂದವರು, ಪಾಪ. ಯಾರೋ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟು ಕಳಿಸಿದ್ದಾರೆ. ಅಂಕ ತಗೊಂಡು ಏನು ಮಾಡುವುದು? ಯಾವ ಹೆದರಿಕೆ ಎಂದು ಒಂದು ಮಾತು ಹೇಳಿದ್ದರೆ ಅವರ ಸಂಜೆ ಉಳಿಯುತ್ತಿತ್ತು.

ಸ್ಟುಡಿಯೋ ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷವಂತೆ. ನಾನು ಪಟ್ಟಿ ಮಾಡಿಕೊಂಡು ಬಂದಿದ್ದೆ, ಹದಿನಾಲ್ಕು ಸಿನಿಮಾ. ಆಗಲಿ, ಓಡೋಣ.

ಬೆಚ್ಚಿ ಬೀಳಬೇಕು ಎನ್ನುವವರು 1978ರ 'ಹ್ಯಾಲೋವೀನ್' ನೋಡಿ. ನಿರ್ದೇಶಕ ಜಾನ್ ಕಾರ್ಪೆಂಟರ್, ಮೈ ಜುಮ್ಮೆನ್ನಿಸುವ ಆ ಪಿಯಾನೋ ಸಂಗೀತವೂ ಅವನದೇ. ಕೊಲೆಗಾರನ ಮುಖವಾಡ ಅಸಲಿಗೆ ಟೀವಿ ಧಾರಾವಾಹಿ 'ಸ್ಟಾರ್ ಟ್ರೆಕ್'ನ ಕ್ಯಾಪ್ಟನ್ ಕರ್ಕ್ ಮುಖವಾಡ. ಅಂಗಡಿಯಿಂದ ತಂದು ಕಣ್ಣಿನ ತೂತು ದೊಡ್ಡದು ಮಾಡಿ ಬಿಳಿ ಬಣ್ಣ ಹೊಡೆದರು. ಬೆಚ್ಚುವುದರ ಜೊತೆಗೆ ಸ್ವಲ್ಪ ದಿಗಿಲೂ ಬೇಕು ಎಂದರೆ 1975ರ 'ಜಾಸ್'. ಮೆಷಿನ್ ಶಾರ್ಕು ಸಮುದ್ರದ ಉಪ್ಪುನೀರಿಗೆ ಇಳಿದದ್ದೇ ಕೈಕೊಟ್ಟಿತು. ನಿರ್ದೇಶಕ ಸ್ಪೀಲ್‌ಬರ್ಗ್ ಬೇರೆ ದಾರಿಯಿಲ್ಲದೆ ಬರೀ ನೀರು ತೋರಿಸಿದ. ಶಾರ್ಕು ಸರಿಯಾಗಿ ಮುಖ ತೋರಿಸುವಷ್ಟರಲ್ಲಿ ಒಂದು ಗಂಟೆಯ ಮೇಲಾಗಿರುತ್ತದೆ. ಕೆಟ್ಟು ನಿಂತ ಮೆಷಿನ್ನಿಗೆ ನಾವೆಲ್ಲ ಕೈಮುಗಿಯಬೇಕು.

ಹೇಸಿಗೆಯ ಗಿರಾಕಿಗಳಿಗೆ 1986ರ 'ದ ಫ್ಲೈ'. ಮನುಷ್ಯ ಒಬ್ಬ ನಿಧಾನವಾಗಿ ನೊಣವಾಗುತ್ತಾನೆ. ಮೇಕಪ್ಪಿಗೆ ಆಸ್ಕರ್ ಬಂತು. ಕರ್ಚೀಫ್ ಇಟ್ಟುಕೊಳ್ಳಿ, ಕೊನೆಗೆ ಅಳುವುದಕ್ಕೂ ಬೇಕಾಗುತ್ತದೆ. ಇನ್ನೊಂದು, 1974ರ 'ದ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್'. ಹೆಸರು ಕೇಳಿಯೇ ಜನ ಹಿಂದೆ ಸರಿಯುತ್ತಾರೆ. ನೋಡಿದರೆ ತೆರೆಯ ಮೇಲೆ ರಕ್ತ ತೀರಾ ಕಮ್ಮಿ. ಉಳಿದದ್ದನ್ನು ನಿಮ್ಮ ತಲೆಯೇ ಸುರಿದುಕೊಳ್ಳುತ್ತದೆ. ಇದು ಹೇಸಿಗೆಯಾ ದಿಗಿಲಾ ಎಂದು ಕೇಳಬೇಡಿ, ಸಮಯವಿಲ್ಲ.

ದಿಗಿಲು ಬೇಕಾದವರು ನನ್ನವರು. 2001ರ 'ದಿ ಅದರ್ಸ್', ಬೆಳಕು ತಾಗಬಾರದ ಇಬ್ಬರು ಮಕ್ಕಳು, ಸದಾ ಪರದೆ ಎಳೆದ ಮನೆ. ಕ್ಲೈಮ್ಯಾಕ್ಸ್ ಗೊತ್ತಿರುವ ಸ್ನೇಹಿತರ ಜೊತೆ ಕೂತು ನೋಡಬೇಡಿ, ಅವರ ಬಾಯಿ ಸುಮ್ನೆ ಇರುವುದಿಲ್ಲ. ಆಮೇಲೆ 1998ರ ಜಪಾನಿನ 'ರಿಂಗು', ಹಿಡಿಯೊ ನಕಾಟ ನಿರ್ದೇಶನ. ಅದರಲ್ಲಿ ಒಂದು ಹೆಂಗಸಿನ ನಡಿಗೆ ಇದೆ. ನಟಿಯನ್ನು ಹಿಂದಕ್ಕೆ ನಡೆಸಿ, ಶೂಟ್ ಮಾಡಿ, ಫಿಲ್ಮನ್ನು ಉಲ್ಟಾ ಓಡಿಸಿದ್ದಾರೆ. ಹಾಗಾಗಿ ಮುಂದೆ ಬರುತ್ತಿದ್ದಾಳೆ, ಆದರೆ ಮೈ ಏನೋ ಸರಿಯಿಲ್ಲ. ಎಲ್ಲಿಂದ ಬರುತ್ತಾಳೆ ಎಂದು ನಾನು ಹೇಳುವುದಿಲ್ಲ.

ಭಾವ ಇದನ್ನು ಇನ್ನೂ ನೋಡಿಲ್ಲ. ಬರುವ ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ. ಅಕ್ಕನಿಗೆ ದಿಂಬು ರೆಡಿ ಇಡಲು ಹೇಳಿದ್ದೇನೆ. ನಮಸ್ಕಾರ.