ಕೊನೆಯ ದಿನವನ್ನು ಖಾಲಿ ಬಿಡಿ

ನಮಸ್ಕಾರ, ಕೇಳುಗರೇ.

ಪ್ರವಾಸ ಹೊರಡುವವರಿಗೆ ನಾಲ್ಕು ಮಾತು ಹೇಳಿ ಎಂದು ಕರೆದಿದ್ದಾರೆ. ನನ್ನ ಬಳಿ ಇರುವುದು ಒಂದೇ ಮಾತು. ಪ್ರವಾಸದ ಕೊನೆಯ ದಿನವನ್ನು ಖಾಲಿ ಬಿಡಿ. ಆ ದಿನ ಯಾವ ಊರನ್ನೂ ನೋಡಬೇಡಿ, ಯಾವ ಅಂಗಡಿಗೂ ಹೋಗಬೇಡಿ. ಇದ್ದಲ್ಲೇ ಇರಿ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದವನು. ಕಲ್ಲಿನ ಕಥೆಯೊಂದರ ಮೂಲಕವೇ ಇದನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳಲ್ಲಿ, ನಾನೂ ನನ್ನ ಹೆಂಡತಿಯೂ ಸ್ಕಾಟ್‌ಲೆಂಡಿನ ಲೂಯಿಸ್ ದ್ವೀಪಕ್ಕೆ ಹೋಗಿದ್ದೆವು. ಬ್ರಿಟನ್ನಿನ ನಕ್ಷೆಯ ವಾಯವ್ಯ ಮೂಲೆಯಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಎದೆಯೊಡ್ಡಿ ನಿಂತ ದ್ವೀಪ ಅದು. ಅಲಪೂಲ್ ಎಂಬ ಊರಿನಿಂದ ಹಡಗಿನಲ್ಲಿ ಎರಡೂವರೆ ಗಂಟೆ ಹೋದರೆ ಸ್ಟೋರ್ನೊವೇ ಬಂದರು ಸಿಗುತ್ತದೆ. ನಾವು ಉಳಿದುಕೊಂಡದ್ದು ಅಲ್ಲಿಂದ ಸುಮಾರು 25 ಕಿಲೋಮೀಟರ್ ದೂರದ ಕ್ಯಾಲನಿಶ್ ಹಳ್ಳಿಯ ಒಂದು ಮನೆಯಲ್ಲಿ. ಸೋಮವಾರ ಬೆಳಗ್ಗೆ ಹಡಗು. ಹಾಗಾಗಿ ಭಾನುವಾರ ನಮ್ಮ ಕೊನೆಯ ದಿನ. ದ್ವೀಪದ ಉತ್ತರದ ತುದಿಯಲ್ಲಿರುವ ದೀಪಸ್ತಂಭ, ಹಳೆಯ ಹುಲ್ಲುಮನೆಗಳು, ಸಮುದ್ರತೀರ ಎಲ್ಲವನ್ನೂ ಆ ಒಂದೇ ದಿನಕ್ಕೆ ತುಂಬಿಸಿ ನಾನು ಪಟ್ಟಿ ಮಾಡಿಟ್ಟಿದ್ದೆ.

ಶನಿವಾರ ಸಂಜೆ ಮನೆಯೊಡತಿ ಪಟ್ಟಿಯನ್ನು ನೋಡಿ, "ನಾಳೆ ಭಾನುವಾರವಲ್ಲವೇ?" ಎಂದರು, ಅಷ್ಟೇ.

ಲೂಯಿಸ್‌ನಲ್ಲಿ ಭಾನುವಾರವೆಂದರೆ ದೇವರ ದಿನ. ನಾವು ಹೋದಾಗ ಬಸ್ ಇರಲಿಲ್ಲ. ಅಂಗಡಿಗಳು ಬಹುತೇಕ ಮುಚ್ಚಿದ್ದವು. ಒಗೆದ ಬಟ್ಟೆಯನ್ನು ಹೊರಗೆ ಒಣಹಾಕುವುದೂ ಹಿರಿಯರಿಗೆ ಸರಿಬರುವುದಿಲ್ಲ. ಸ್ಟೋರ್ನೊವೇಯಿಂದ ಭಾನುವಾರ ಹಡಗು ಹೊರಡಲು ಆರಂಭವಾದದ್ದೇ 2009ರ ಜುಲೈಯಲ್ಲಿ, ಅದೂ ಬಹಳ ವಿರೋಧದ ನಡುವೆ. ನನಗೆ ಆ ರಾತ್ರಿ ಬೇಸರವಾಯಿತು. ಇಷ್ಟು ದೂರ ಬಂದು ಒಂದು ದಿನ ವ್ಯರ್ಥವಾಗುತ್ತದಲ್ಲ ಎಂದುಕೊಂಡೆ.

ಬೆಳಗ್ಗೆ ಎದ್ದಾಗ ಮೊದಲು ಅರಿವಾದದ್ದು ಪಕ್ಕದ ಮನೆಯ ಮಗ್ಗದ ಸದ್ದಿಲ್ಲವೆಂಬುದು. ಹ್ಯಾರಿಸ್ ಟ್ವೀಡ್ ಎಂಬ ಉಣ್ಣೆಯ ಬಟ್ಟೆಯ ಹೆಸರನ್ನು ನೀವು ಕೇಳಿರಬಹುದು. ಅದನ್ನು ಲೂಯಿಸ್ ಮತ್ತು ಅಕ್ಕಪಕ್ಕದ ದ್ವೀಪಗಳಲ್ಲಿ, ನೇಕಾರರ ಮನೆಯಲ್ಲೇ, ಕೈಮಗ್ಗದಲ್ಲೇ ನೇಯ್ದಿರಬೇಕು ಎಂದು 1993ರ ಕಾಯ್ದೆಯೇ ಹೇಳುತ್ತದೆ. ನಮ್ಮ ಪಕ್ಕದ ಮನೆಯ ಹಿರಿಯರು ಕಾಲಿನಿಂದ ತುಳಿಯುವ ಮಗ್ಗದಲ್ಲಿ ನೇಯುತ್ತಿದ್ದರು. ವಾರವೆಲ್ಲ ಕೇಳಿದ ಆ ಲಟಕ್ ಲಟಕ್ ನಿಂತುಹೋಗಿತ್ತು. ಉಳಿದದ್ದು ಗಾಳಿ, ಕುರಿಗಳ ಕೂಗು.

ಮಾಡಲು ಬೇರೇನೂ ಇಲ್ಲದ್ದರಿಂದ ಊರ ದಿಬ್ಬದ ಮೇಲಿರುವ ಕಲ್ಲುಗಳ ಕಡೆಗೆ ನಡೆದೆ. ಸುಮಾರು 5,000 ವರ್ಷಗಳ ಹಿಂದೆ ಜನ ಸಾಲಾಗಿ ನೆಟ್ಟ ಕಲ್ಲುಗಳು. ನಡುವೆ 13 ಕಲ್ಲುಗಳ ಒಂದು ವೃತ್ತ, ಅದರೊಳಗೆ ಸುಮಾರು 16 ಅಡಿ ಎತ್ತರದ ಒಂಟಿ ಕಲ್ಲು. ಇಂಗ್ಲೆಂಡಿನ ಪ್ರಸಿದ್ಧ ಶಿಲಾವೃತ್ತವಾದ ಸ್ಟೋನ್‌ಹೆಂಜ್‌ನ ದೊಡ್ಡ ಕಲ್ಲುಗಳಿಗಿಂತ ಇವು ಹಳೆಯವು. ವಾರದ ಮೊದಲಲ್ಲೇ ಒಮ್ಮೆ ಬಂದು ಅರ್ಧ ಗಂಟೆಯಲ್ಲಿ ಚಿತ್ರ ತೆಗೆದು ಹೋಗಿದ್ದೆ. ಆ ದಿನ ಅಲ್ಲಿ ಪ್ರವಾಸಿಗರ ಗುಂಪಿತ್ತು. ಈ ದಿನ ನಾನೊಬ್ಬನೇ.

ಒಂದು ಗಂಟೆ ಕೂತಿದ್ದೆ. ಮೋಡ ಸರಿದು ಬಿಸಿಲು ಓರೆಯಾಗಿ ಬಿದ್ದಾಗ ಕಲ್ಲಿನ ಮೈಯ ಪಟ್ಟೆಗಳು ಎದ್ದು ಕಾಣತೊಡಗಿದವು. ಬಿಳಿ, ಬೂದು, ಕಪ್ಪು, ಮತ್ತೆ ಬಿಳಿ. ಸೀರೆಯ ಸೆರಗು ಮಡಿಚಿದಂತೆ ಬಳುಕಿದ ಪಟ್ಟೆಗಳು. ಅಲ್ಲಲ್ಲಿ ಹಾರ್ನ್‌ಬ್ಲೆಂಡ್ ಖನಿಜದ ಕಪ್ಪು ಗಂಟುಗಳು. ಇದು ನೈಸ್ ಶಿಲೆ. ಭೂಮಿಯ ಆಳದಲ್ಲಿ ಕಲ್ಲು ಕಾದು, ಒತ್ತಡಕ್ಕೆ ಸಿಕ್ಕಿ, ರೊಟ್ಟಿಯ ಹಿಟ್ಟಿನಂತೆ ಮೆತ್ತಗಾಗಿ ಮಡಿಚಿಕೊಂಡಾಗ ಇಂಥ ಪಟ್ಟೆಗಳು ಮೂಡುತ್ತವೆ. ಈ ಶಿಲೆಗೆ ದ್ವೀಪದ ಹೆಸರನ್ನೇ ಇಟ್ಟು ಲೂಯಿಸಿಯನ್ ನೈಸ್ ಎನ್ನುತ್ತಾರೆ. ಇದರ ಅತ್ಯಂತ ಹಳೆಯ ಭಾಗಗಳಿಗೆ ಸುಮಾರು 300 ಕೋಟಿ ವರ್ಷ. ಅಂಗೈಯನ್ನು ಕಲ್ಲಿನ ಮೇಲಿಟ್ಟೆ. ಈ ಕಲ್ಲು ನನಗೆ ಗೊತ್ತಿರುವ ಕಲ್ಲೇ ಅನ್ನಿಸಿತು.

ಅಷ್ಟರಲ್ಲಿ ಪಕ್ಕದ ಮನೆಯ ನೇಕಾರರು ಪ್ರಾರ್ಥನೆ ಮುಗಿಸಿ, ಕಪ್ಪು ಕೋಟಿನಲ್ಲೇ, ನಾಯಿಯನ್ನು ಕರೆದುಕೊಂಡು ಬಂದರು. ಎಂಬತ್ತರ ಹತ್ತಿರದ ವಯಸ್ಸು. "ಅಷ್ಟು ಹೊತ್ತು ಏನು ನೋಡುತ್ತಿದ್ದೀರಿ?" ಎಂದು ಕೇಳಿದರು. "ನಮ್ಮ ಊರಿನಲ್ಲೂ ಇಂಥದೇ ಕಲ್ಲಿದೆ" ಎಂದೆ. ಅವರು ನಂಬಲಿಲ್ಲ. ಮೊಬೈಲ್ ತೆಗೆದು ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಚಿತ್ರ ತೋರಿಸಿದೆ. ಮೇಲೆ ಕೆಂಪೇಗೌಡರ ಗೋಪುರ, ಕೆಳಗೆ ಆಡುವ ಮಕ್ಕಳು. ಅದೂ ನೈಸ್, ಅದಕ್ಕೂ ಸುಮಾರು 300 ಕೋಟಿ ವರ್ಷ. ಅವರು ಚಿತ್ರವನ್ನು ದೊಡ್ಡದು ಮಾಡಿ ಪಟ್ಟೆಗಳನ್ನು ಹುಡುಕಿದರು, ಪಕ್ಕದ ಕಲ್ಲನ್ನು ನೋಡಿದರು, ಮತ್ತೆ ಚಿತ್ರವನ್ನು ನೋಡಿದರು. ಆಮೇಲೆ ಕೈಗವಸು ಕಳಚಿ ತಮ್ಮ ಅಂಗೈಯನ್ನೂ ಕಲ್ಲಿನ ಮೇಲಿಟ್ಟರು. "ಹುಟ್ಟಿದಾಗಿನಿಂದ ಇದರ ಪಕ್ಕದಲ್ಲೇ ಓಡಾಡಿದ್ದೇನೆ. ಇದರ ವಯಸ್ಸನ್ನು ಯಾರನ್ನೂ ಕೇಳಿರಲಿಲ್ಲ" ಎಂದರು.

ನಂತರ ಅವರೇ ನನಗೆ ಪಾಠ ಹೇಳಿದರು. ಈ ಕಲ್ಲುಗಳ ಬುಡ ಸಾವಿರಾರು ವರ್ಷ ಪೀಟ್ ಎಂಬ ಕಪ್ಪು ಜೌಗುಮಣ್ಣಿನಲ್ಲಿ ಹೂತುಹೋಗಿತ್ತಂತೆ. 1857ರಲ್ಲಿ ಸುಮಾರು ಐದು ಅಡಿ ಮಣ್ಣು ತೆಗೆಸಿದ ಮೇಲೆಯೇ ಇವುಗಳ ಪೂರ್ತಿ ಎತ್ತರ ಕಂಡದ್ದು. ಆ ಪೀಟನ್ನೇ ಇಟ್ಟಿಗೆಯಂತೆ ಕತ್ತರಿಸಿ, ಒಣಗಿಸಿ, ಒಲೆಗೆ ಹಾಕಿ ತಾವು ಬೆಳೆದದ್ದನ್ನು ಹೇಳಿದರು. ಕತ್ತರಿಸುವ ಗುದ್ದಲಿಯನ್ನು ಹಿಡಿಯುವ ಬಗೆಯನ್ನು ಬರಿಗೈಯಲ್ಲೇ ತೋರಿಸಿದರು. ಪಟ್ಟಿ ಹಿಡಿದು ದೀಪಸ್ತಂಭಕ್ಕೆ ಓಡಿದ್ದರೆ ಇದರಲ್ಲಿ ಒಂದೂ ನನಗೆ ಸಿಗುತ್ತಿರಲಿಲ್ಲ. ದಯವಿಟ್ಟು ಕೊನೆಯ ದಿನವನ್ನು ಖಾಲಿ ಬಿಡಿ.

ಸಮಯ ಮುಗಿಯುತ್ತ ಬಂದಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಅವರ ಚರ್ಚಿನಲ್ಲಿ ಗೇಲಿಕ್ ಭಾಷೆಯ ಕೀರ್ತನೆಗಳನ್ನು ಹಾಡುವ ಕ್ರಮ ಕೇಳುವಂಥದ್ದು. ವಾದ್ಯವಿಲ್ಲ. ಒಬ್ಬರು ಸಾಲನ್ನು ಎತ್ತಿಕೊಡುತ್ತಾರೆ, ಉಳಿದವರು ತಮ್ಮ ತಮ್ಮ ಉಸಿರಿಗೆ ತಕ್ಕಂತೆ ಎಳೆದು ಹಾಡುತ್ತಾರೆ. ನಮ್ಮ ಭಜನೆ ಕೇಳಿದ ಕಿವಿಗೆ ಅದು ಪರಕೀಯ ಅನ್ನಿಸುವುದಿಲ್ಲ. ಇನ್ನೊಂದು, ಕರ್ನಾಟಕದ ಚರಿತ್ರೆ ಓದುವವರು ನೆನಪಿಡಬೇಕಾದದ್ದು: 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದು ನಕ್ಷೆ ಮಾಡಿದ, ಊರೂರಿನ ಚರಿತ್ರೆ ಹೇಳುವ ನಮ್ಮ ಕೈಫಿಯತ್ತುಗಳನ್ನೂ ಶಾಸನಗಳನ್ನೂ ಸಂಗ್ರಹಿಸಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಇದೇ ಸ್ಟೋರ್ನೊವೇಯಲ್ಲಿ. ಅದಕ್ಕೆ ಬೇರೆಯೇ ಒಂದು ಭಾಷಣ ಬೇಕು.

ಜೂನ್‌ನಲ್ಲಿ ಅಲ್ಲಿ ರಾತ್ರಿ ಸುಮಾರು ಹತ್ತೂವರೆಗೆ ಸೂರ್ಯ ಮುಳುಗುತ್ತದೆ. ಊಟ ಮುಗಿಸಿ ಹೆಂಡತಿಯನ್ನೂ ಕರೆದುಕೊಂಡು ಮತ್ತೆ ದಿಬ್ಬ ಹತ್ತಿದೆ. ಹಿರಿಯರು ಅಲ್ಲೇ ಇದ್ದರು. ಈ ಬಾರಿ ಮೊಮ್ಮಗಳನ್ನು ಕರೆತಂದಿದ್ದರು. ಕಲ್ಲಿನ ಬಿಳಿ ಪಟ್ಟೆಯ ಮೇಲೆ ಅವಳ ಬೆರಳನ್ನು ಹಿಡಿದು ಮೆಲ್ಲಗೆ ಎಳೆಸುತ್ತ, ಗೇಲಿಕ್‌ನಲ್ಲಿ ಏನೋ ಹೇಳುತ್ತಿದ್ದರು. ಆ ಮಾತಿನ ನಡುವೆ "ಬೆಂಗಳೂರು" ಎಂಬ ಒಂದು ಪದ ಮಾತ್ರ ನಮಗೆ ತಿಳಿಯಿತು.

ನಮಸ್ಕಾರ.